ಹಿಡಿ ಮಂದಿಯ ನೆಚ್ಚು

ಓಕಳಿಪುರವೆಂಬ ಹೆಸರು ಕಿವಿಗೆ ಬಿದ್ದೊಡನೆ ಹೊಸಬರಿಗೆ ಬಣ್ಣದ ನೀರಾಟ ನೆನಪಾದೀತು. ಆದರೆ ಅಲ್ಲಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಬಣ್ಣವಲ್ಲ, ರೈಲು ಹಳಿ. ಚೆನ್ನೈ ಕಡೆಗೂ ತುಮಕೂರಿನ ಕಡೆಗೂ ಹೋಗುವ ಹಳಿಗಳು ಕವಲೊಡೆಯುವುದು ಇದರ ಮಗ್ಗುಲಲ್ಲಿಯೇ. ಶ್ರೀರಾಮಪುರ, ರಾಜಾಜಿನಗರಗಳಿಂದ ನಗರದ ದೊಡ್ಡ ನಿಲ್ದಾಣಕ್ಕೆ ಹೊರಟ ಎಷ್ಟೋ ಮಂದಿ ಈ ಬಡಾವಣೆಯ ರೈಲು ಸೇತುವೆಯ ಕೆಳಗೆ ನುಸುಳಿಯೇ ಹೋಗುತ್ತಾರೆ. ರೈಲ್ವೆಯ ಕೆಲಸವನ್ನೂ ಬಟ್ಟೆ ಗಿರಣಿಗಳ ಕೆಲಸವನ್ನೂ ನಂಬಿ ನಾನಾ ಕಡೆಗಳಿಂದ ಬಂದ ಜನ ಈ ಭಾಗದಲ್ಲಿ ನೆಲೆಸಿದರು. ಹಳೆಯ ಗಿರಣಿಗಳು ಮುಚ್ಚಿಹೋಗಿವೆ; ಅವುಗಳ ಕೂಗಿಗೆ ಎದ್ದು ಹೊರಡುತ್ತಿದ್ದವರ ಮಕ್ಕಳು ಮೊಮ್ಮಕ್ಕಳು ಉಳಿದಿದ್ದಾರೆ. ಒಂದೇ ಓಣಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕೇಳಿಬಂದರೆ ಅಲ್ಲಿ ಯಾರಿಗೂ ಅಚ್ಚರಿಯಿಲ್ಲ.

ಇಂಥ ಓಣಿಯೊಂದರಲ್ಲಿ ಹೊಸದೊಂದು ಕ್ರೈಸ್ತ ಸಭೆ ಹುಟ್ಟಿತೆಂದು ವಾಚಕರು ಊಹಿಸಿಕೊಳ್ಳಲಿ. ಬಾಡಿಗೆಯ ಮನೆಯೊಂದರ ಮಹಡಿಯ ಮೇಲೆ ತಗಡಿನ ಮಾಡು. ಅದರ ಕೆಳಗೆ ಹನ್ನೊಂದು ಸಂಸಾರ. ಭಾನುವಾರ ಬೆಳಿಗ್ಗೆ ಹುಡುಗರು ಚಾಪೆ ಹಾಸುತ್ತಾರೆ, ಹೆಂಗಸರು ಕುಡಿಯುವ ನೀರು ತುಂಬಿಡುತ್ತಾರೆ. ಉಪದೇಶದ ನಡುವೆ ರೈಲು ಬಂದರೆ ಸಭಾಪಾಲಕರು ಮಾತು ನಿಲ್ಲಿಸಿ, ಗಾಡಿ ದಾಟಿದ ಮೇಲೆ ಮುಂದುವರಿಸುತ್ತಾರೆ. ಎರಡು ವರ್ಷ ಹೀಗೆ ನಡೆಯಿತು. ಮೂರನೆಯ ವರ್ಷಕ್ಕೆ ಹನ್ನೊಂದು ಸಂಸಾರ ನಲವತ್ತಾಯಿತು.

ಸಂತೋಷಪಡಬೇಕಾದ ಆ ಹೊತ್ತಿನಲ್ಲಿಯೇ ಹಿರಿಯರ ಮುಖದಲ್ಲಿ ಚಿಂತೆ ಮೂಡಿತು. ಮಾಡಿನ ಕೆಳಗೆ ಸ್ಥಳ ಸಾಲದು. ಮನೆಯೊಡೆಯರು ಬಾಡಿಗೆ ಏರಿಸುವ ಸೂಚನೆ ಕೊಟ್ಟಿದ್ದಾರೆ. ಹಾಡು ತಮಿಳಿನಲ್ಲಿಯೂ ಇರಲೆಂದು ಕೆಲವರು, ಕನ್ನಡವೊಂದೇ ಸಾಕೆಂದು ಕೆಲವರು. ಹೊಸದಾಗಿ ಬಂದ ಅನುಕೂಲಸ್ಥರೊಬ್ಬರು ಕಟ್ಟಡಕ್ಕೆ ನಿವೇಶನ ಕೊಡಲು ಸಿದ್ಧರಿದ್ದಾರೆ. ಆದರೆ ಆಮೇಲೆ ಸಭೆಯಲ್ಲಿ ಅವರ ಮಾತೇ ನಡೆಯಬೇಕೆಂಬುದು ಹೇಳದೆಯೇ ಎಲ್ಲರಿಗೂ ತಿಳಿದಿದೆ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಮೊದಲ ಹನ್ನೊಂದು ಮನೆಗಳಿಗೆ ಸೇರಿದ ಅಜ್ಜಿಯೊಬ್ಬರು ಸಭಾಪಾಲಕರ ಬಳಿಗೆ ಬಂದು, “ಅಯ್ಯನವರೇ, ಹಿಡಿ ಮಂದಿ ಇದ್ದಾಗ ನನಗೆ ಹೆದರಿಕೆ ಇರಲಿಲ್ಲ. ಈಗ ಹೆದರಿಕೆಯಾಗುತ್ತದೆ. ಈ ಹೊತ್ತು ನನ್ನ ಪಕ್ಕದಲ್ಲಿ ಕೂತಿದ್ದವಳ ಹೆಸರೇ ನನಗೆ ಗೊತ್ತಿಲ್ಲ” ಎಂದರು. “ಅಮ್ಮಾ, ದೇವರು ಬೆಳೆಸುತ್ತಿದ್ದಾನೆ, ಹೆದರಬೇಡಿ” ಎಂದು ಅಯ್ಯನವರು ಹೇಳಿದರು. ಮಾತೇನೋ ಸರಿಯೇ. ಆದರೆ ಅಜ್ಜಿಯ ಹೆದರಿಕೆ ಅಷ್ಟರಿಂದ ಹೋಗಲಿಲ್ಲ; ಅಯ್ಯನವರ ಹೆದರಿಕೆಯೂ ಹೋಗಲಿಲ್ಲ.

ಈ ಹೆದರಿಕೆ ಹಗುರವಾದುದಲ್ಲ. ಸಭೆ ಚಿಕ್ಕದಾಗಿದ್ದಾಗ ದೇವರನ್ನು ನೆಚ್ಚದೆ ಬೇರೆ ದಾರಿಯೇ ಇರುವುದಿಲ್ಲ. ಕೈಯಲ್ಲಿ ಹಣವಿಲ್ಲ, ಬೆನ್ನಿಗೆ ಜನವಿಲ್ಲ. ಬೆಳೆಯತೊಡಗಿದ ಮೇಲೆ ನೆಚ್ಚಲು ಬೇರೆ ಆಸರೆಗಳು ಒದಗುತ್ತವೆ: ಕಾಣಿಕೆಯ ಪೆಟ್ಟಿಗೆ, ಜನರ ಸಂಖ್ಯೆ, ಚೆನ್ನಾಗಿ ಮಾತನಾಡುವ ಉಪದೇಶಕ, ನಿವೇಶನ ಕೊಡುವ ಧನಿಕ. ಬಡತನದಲ್ಲಿ ತಾನಾಗಿ ಬಂದ ಭರವಸೆಯನ್ನು ಬೆಳವಣಿಗೆಯಲ್ಲಿ ಯತ್ನಪಟ್ಟು ಉಳಿಸಿಕೊಳ್ಳಬೇಕು. ಹೊಸ ಸಭೆಯೊಂದಕ್ಕೆ ಧೈರ್ಯ ಹೇಳುವವರು ಈ ಮಾತನ್ನು ಮೊದಲು ಹೇಳಬೇಕಾಗುತ್ತದೆ.

ಕನ್ನಡದಲ್ಲಿ ‘ನಂಬು’, ‘ನೆಚ್ಚು’ ಎಂಬ ಎರಡು ಮಾತುಗಳು ಒಡಹುಟ್ಟಿದವರಂತೆ ಜೊತೆಯಾಗಿ ಓಡಾಡುತ್ತವೆ. ಬಳಕೆಯಲ್ಲಿ ಅವು ಬೆರೆತುಹೋಗಿದ್ದರೂ ಒಂದು ಸೂಕ್ಷ್ಮವಾದ ಭೇದವನ್ನು ಅವುಗಳಲ್ಲಿ ಕಾಣಬಹುದು. ಬಾವಿಯ ಹಗ್ಗ ಗಟ್ಟಿಯಾಗಿದೆಯೆಂದು ಕಟ್ಟೆಯ ಮೇಲೆ ನಿಂತು ಒಪ್ಪಿಕೊಳ್ಳುವುದು ನಂಬಿಕೆ. ಬಿದ್ದ ಕೊಡವನ್ನು ತೆಗೆಯಲು ಆ ಹಗ್ಗವನ್ನೇ ಹಿಡಿದು ಬಾವಿಗೆ ಇಳಿಯುವುದು ನೆಚ್ಚು. ಮೊದಲನೆಯದಕ್ಕೆ ಮನಸ್ಸಿನ ಒಪ್ಪಿಗೆ ಸಾಕು. ಎರಡನೆಯದಕ್ಕೆ ಮೈಭಾರವನ್ನೇ ಒಪ್ಪಿಸಬೇಕು. ಸಭೆ ಬೆಳೆಯುವಾಗ ದೇವರಿದ್ದಾನೆಂಬ ನಂಬಿಕೆ ಯಾರಲ್ಲಿಯೂ ಕಡಮೆಯಾಗುವುದಿಲ್ಲ. ಸಡಿಲವಾಗುವುದು ಈ ನೆಚ್ಚು.

ಕ್ರೈಸ್ತ ಧರ್ಮದ ಮೊದಲ ದಿನಗಳಲ್ಲಿಯೂ ಇದೇ ಸಮಸ್ಯೆ ಇದ್ದಿತು. ಪೌಲನು ಯೂರೋಪಿನ ನೆಲದಲ್ಲಿ ಕಾಲಿಟ್ಟು ಫಿಲಿಪ್ಪಿಗೆ ಬಂದಾಗ ಅಲ್ಲಿ ಅವನಿಗೆ ಮಂದಿರವೇನೂ ಸಿಗಲಿಲ್ಲ. ನದಿಯ ದಡದಲ್ಲಿ ಪ್ರಾರ್ಥನೆಗೆ ಸೇರಿದ್ದ ಕೆಲವು ಹೆಂಗಸರು ಸಿಕ್ಕಿದರು. ಅವರಲ್ಲಿ ಲುದ್ಯ ಎಂಬವಳು ಬೆಲೆಬಾಳುವ ಕೆನ್ನೀಲಿ ಬಟ್ಟೆಯ ವ್ಯಾಪಾರಿ. ಅವಳು ಅತಿಥಿಗಳನ್ನು ಒತ್ತಾಯಮಾಡಿ ಮನೆಗೆ ಕರೆದೊಯ್ದಳು. ಬಣ್ಣದ ಬಟ್ಟೆ ಮಾರುವವಳ ಆ ಮನೆಯೇ ಊರಿನ ವಿಶ್ವಾಸಿಗಳು ಕೂಡುವ ತಾಣವಾಯಿತು. ಓಕಳಿಪುರದ ತಗಡಿನ ಮಾಡು ನಾಚಿಕೊಳ್ಳಬೇಕಾದ ಕಾರಣವಿಲ್ಲ. ಅದರ ಮನೆತನ ಬಹಳ ಹಳೆಯದು.

ಅಲ್ಲಿಂದ ಪೌಲನು ಥೆಸಲೊನೀಕಕ್ಕೆ ಹೋದನು. ಮೂರು ಸಬ್ಬತ್ ದಿನಗಳಲ್ಲಿ ಅಲ್ಲಿಯ ಸಭಾಮಂದಿರದಲ್ಲಿ ವಾದಿಸಿದನೆಂದು ಹೇಳಿದೆ. ಅಷ್ಟರಲ್ಲಿ ಗಲಭೆಯೆದ್ದಿತು. ಅವನಿಗೆ ಆಶ್ರಯ ಕೊಟ್ಟಿದ್ದ ಯಾಸೋನನ ಮನೆಗೆ ಜನ ನುಗ್ಗಿದರು. ವಿಶ್ವಾಸಿಗಳು ರಾತ್ರೋರಾತ್ರಿ ಪೌಲನನ್ನೂ ಸೀಲನನ್ನೂ ಊರಿನಿಂದ ಸಾಗಿಸಬೇಕಾಯಿತು. ನೆಟ್ಟು ನಾಲ್ಕು ದಿನವಾಗದ ಸಸಿಯನ್ನು ಬಿಟ್ಟು ತೋಟಗಾರನೇ ಓಡಿಹೋದಂತಾಯಿತು. ಆ ಸಭೆ ಏನಾಯಿತೋ ಎಂಬ ಕಳವಳ ತಡೆಯಲಾರದೆ ಅವನು ತಿಮೊಥೆಯನನ್ನು ನೋಡಿಬರಲು ಕಳುಹಿಸಿದನು. ತಿಮೊಥೆಯನು ತಂದ ಸುದ್ದಿ ಬೇರೆಯೇ ಆಗಿತ್ತು: ಸಭೆ ಬಾಡಿರಲಿಲ್ಲ, ಬೇರು ಬಿಟ್ಟಿತ್ತು. ಆ ಸಂತೋಷದಲ್ಲಿ ಸುಮಾರು ಕ್ರಿ. ಶ. 50ರ ಹೊತ್ತಿಗೆ ಪೌಲನು ಬರೆದ ಓಲೆ ಹೊಸ ಒಡಂಬಡಿಕೆಯ ಅತ್ಯಂತ ಹಳೆಯ ಬರಹಗಳಲ್ಲಿ ಒಂದೆಂದು ವಿದ್ವಾಂಸರು ಎಣಿಸುತ್ತಾರೆ. ದುಃಖದಲ್ಲಿರುವವರಿಗೆ ಸಮಾಧಾನ, ಸೋಮಾರಿಗಳಿಗೆ ಎಚ್ಚರಿಕೆ, ಸ್ವಂತ ಕೈಯಿಂದ ದುಡಿದು ಬಾಳಬೇಕೆಂಬ ಬುದ್ಧಿವಾದ ಅದರಲ್ಲಿವೆ. ತಾನಿಲ್ಲದಿದ್ದರೂ ಸಭೆ ನಿಂತೀತೆಂಬುದನ್ನು ಆ ದೊಡ್ಡ ಉಪದೇಶಕನೇ ಮೊದಲು ಕಲಿಯಬೇಕಾಯಿತು.

ಆದರೆ ಇದು ಎರಡು ಸಾವಿರ ವರ್ಷಗಳ ಹಿಂದಿನ, ದೂರದೇಶದ ಮಾತೆಂದು ಯಾರಾದರೂ ಹೇಳಬಹುದು. ಕನ್ನಡನಾಡಿನ ಸಭೆಗಳು ಬೆಳೆದ ಬಗೆ ಬೇರೆಯಾಗಿತ್ತೆ? ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದುದು 1810ರಲ್ಲಿ. ಆತನಿಗೆ ಕನ್ನಡ ಬಾರದು. ಕಲಿಯಲು ಇಂದಿನಂತೆ ನಿಘಂಟುಗಳಿಲ್ಲ, ಸಿದ್ಧವಾದ ಅಚ್ಚಿನ ಮೊಳೆಗಳಿಲ್ಲ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಮುಗಿದುದು 1831ರಲ್ಲಿ. ಇಪ್ಪತ್ತೊಂದು ವರ್ಷ! ಬಳ್ಳಾರಿಯ ಬಿಸಿಲಿನಲ್ಲಿ ಪುಟ ಪುಟವನ್ನು ತಿದ್ದುತ್ತ ಕುಳಿತವರಿಗೆ ಅದನ್ನು ಓದುವ ಕನ್ನಡ ಸಭೆಗಳು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಓದುಗರು ಹುಟ್ಟುವ ಮೊದಲೇ ಗ್ರಂಥವನ್ನು ಸಿದ್ಧಪಡಿಸುವುದು ನೆಚ್ಚಿದವರಿಂದಲ್ಲದೆ ಮತ್ತಾರಿಂದ ಸಾಧ್ಯ?

ಬೆಂಗಳೂರಿನ ನಿದರ್ಶನ ಇನ್ನೂ ಹತ್ತಿರದ್ದು. 1837ರಲ್ಲಿ ಇಲ್ಲಿಗೆ ಬಂದ ಬೆಂಜಮಿನ್ ರೈಸ್ 1887ರಲ್ಲಿ ತೀರಿಕೊಳ್ಳುವ ತನಕ, ಅರ್ಧ ಶತಮಾನ, ಈ ಊರಿನ ಕನ್ನಡಿಗರ ನಡುವೆ ದುಡಿದನು. ಶಾಸನಗಳನ್ನು ಶೋಧಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನು ಕೊಟ್ಟ ಬಿ. ಎಲ್. ರೈಸ್ ಇವನ ಮಗ, ಹುಟ್ಟಿದ್ದು ಬೆಂಗಳೂರಿನಲ್ಲಿಯೇ. ಮಗನ ಹೆಸರನ್ನು ಬಲ್ಲ ಕನ್ನಡಿಗರು ಸಾವಿರಾರು. ತಂದೆಯ ಹೆಸರನ್ನು ಬಲ್ಲವರು ವಿರಳ. ಪೇಟೆಯ ಮಕ್ಕಳಿಗೆ ಕನ್ನಡ ಶಾಲೆ ನಡೆಸುವುದು, ಪಾಠದ ಪುಸ್ತಕ ಸಿದ್ಧಪಡಿಸುವುದು, ಬೈಬಲಿನ ಕನ್ನಡವನ್ನು ಪರಿಷ್ಕರಿಸುವವರೊಡನೆ ಕೂರುವುದು, ಚಿಕ್ಕ ಸಭೆಯೊಂದನ್ನು ನೋಡಿಕೊಳ್ಳುವುದು: ಐವತ್ತು ವರ್ಷದ ದುಡಿಮೆ ಇದರಲ್ಲಿಯೇ ಕಳೆಯಿತು. ಅವಿನ್ಯೂ ರಸ್ತೆಯಲ್ಲಿ ಪುಸ್ತಕದಂಗಡಿ, ಬಟ್ಟೆಯಂಗಡಿಗಳ ಗದ್ದಲದ ನಡುವೆ ಇಂದಿಗೂ ನಿಂತಿರುವ ರೈಸ್ ಸ್ಮಾರಕ ದೇವಾಲಯಕ್ಕೆ ಅವನ ಹೆಸರಿದೆ. ಈಗಿನ ಕಟ್ಟಡ ಎದ್ದುದು ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ. ಕಾರ್ಪೊರೇಷನ್ ಬಳಿಯ ಹಡ್ಸನ್ ಸ್ಮಾರಕ ದೇವಾಲಯದ ಕಥೆಯೂ ಹಾಗೆಯೇ. ಕನ್ನಡ ಶಾಲೆಗಳಿಗಾಗಿ ದುಡಿದ ವೆಸ್ಲಿಯನ್ ಮಿಷನ್ನಿನ ಜೊಸೈಯ ಹಡ್ಸನ್ ತೀರಿಕೊಂಡ ಮೇಲೆ, 1904ರಲ್ಲಿ, ಆ ಕಲ್ಲಿನ ಕಟ್ಟಡ ಸಿದ್ಧವಾಯಿತು. ನೆಟ್ಟವರು ನೆರಳಿನಲ್ಲಿ ಕೂರಲಿಲ್ಲ. ನೆರಳಿನಲ್ಲಿ ಕೂತವರು ನೆಟ್ಟವರನ್ನು ನೋಡಿರಲಿಲ್ಲ.

ಹಾಗಾದರೆ ನೆಚ್ಚುವುದೆಂದರೆ ಕೈಕಟ್ಟಿ ಕಾಯುವುದೆ? ಅಲ್ಲವೆಂಬುದಕ್ಕೆ ಮಂಗಳೂರು ಸಾಕ್ಷಿ. ಬಾಸೆಲ್ ಮಿಷನ್ನಿನ ಮೂವರು, ಹೆಬಿಕ್, ಲೇನರ್, ಗ್ರೈನರ್, ಅಲ್ಲಿ ಕೆಲಸ ಆರಂಭಿಸಿದುದು 1834ರಲ್ಲಿ. ಹೊಸ ಧರ್ಮಕ್ಕೆ ಸೇರಿದವರು ಜಾತಿಯನ್ನು ಕಳೆದುಕೊಂಡರು. ಜಾತಿಯೊಡನೆ ಮನೆಯನ್ನೂ ಕಸುಬನ್ನೂ ಕಳೆದುಕೊಂಡರು. 1844ರಲ್ಲಿ ಆನಂದರಾವ್ ಕೌಂಡಿನ್ಯರೆಂಬ ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗಲಭೆಯೇ ಆಯಿತು. ಹೀಗೆ ಬೀದಿಗೆ ಬಿದ್ದವರಿಗೆ ಬರಿಯ ಪ್ರಾರ್ಥನೆಯನ್ನು ಕಲಿಸಿದರೆ ಸಾಕೆ? 1851ರಲ್ಲಿ ಹಾಲರ್ ಬಂದು ನೇಯ್ಗೆ, ಬಣ್ಣಗಾರಿಕೆಗಳನ್ನು ಬೆಳೆಸಿದನು. ಖಾಕಿ ಬಣ್ಣದ ಬಟ್ಟೆಗೆ ಮಂಗಳೂರಿನ ಆ ನೇಯ್ಗೆಶಾಲೆಯಿಂದಲೇ ಹೆಸರು ಬಂದಿತೆಂದು ಹೇಳುವುದುಂಟು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆಯನ್ನು ತೆರೆದನು. ನದಿಯ ಜೇಡಿಮಣ್ಣು ಹಂಚಾಗಿ, ಮಂಗಳೂರು ಹಂಚೆಂಬ ಹೆಸರು ಪಡೆದು, ಎಲ್ಲ ಜಾತಿ ಧರ್ಮದವರ ಮನೆಗಳಿಗೂ ಮಾಡಾಯಿತು. ಹೊರಗೆ ಹಾಕಲ್ಪಟ್ಟವರು ಮಾಡಿದ ಹಂಚು ಹೊರಗೆ ಹಾಕಿದವರ ತಲೆಯ ಮೇಲೂ ನೆರಳಾಯಿತು.

ಅಲ್ಲಿಯೂ ಒಂದು ಅಪಾಯ ಅಡಗಿತ್ತು. ಉಪದೇಶ ಮಿಷನ್ನಿನದು, ಶಾಲೆ ಮಿಷನ್ನಿನದು, ಸಂಬಳ ಮಿಷನ್ನಿನದು ಎಂದಾದರೆ ಸಭೆ ದೇವರನ್ನು ನೆಚ್ಚಿದೆಯೋ ಮಿಷನ್ನನ್ನು ನೆಚ್ಚಿದೆಯೋ ತಿಳಿಯುವುದೆಂತು? ತಿಳಿಯುವ ಕಾಲ 1914ರಲ್ಲಿ ಬಂದಿತು. ಮೊದಲನೆಯ ಮಹಾಯುದ್ಧ ಆರಂಭವಾಗಿ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತು, ಆಮೇಲೆ ದೇಶದಿಂದ ಹೊರಗೆ ಕಳುಹಿಸಿತು. ಕಾರ್ಖಾನೆಗಳು ಕೈಬಿಟ್ಟುಹೋಗಿ 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬೇರೊಂದು ಸಂಸ್ಥೆಯ ವಶವಾದವು. ಎಂಬತ್ತು ವರ್ಷ ನಡೆಸಿದ ಕೈ ಒಮ್ಮೆಗೇ ಇಲ್ಲವಾಯಿತು. ಸಭೆಗಳು ಚದರಿಹೋಗಬಹುದಾಗಿತ್ತು, ಹೋಗಲಿಲ್ಲ. ನಾಡಿನವರೇ ಆದ ಸಭಾಪಾಲಕರೂ ಉಪದೇಶಿಗಳೂ ಹಿರಿಯರೂ ಆ ಭಾರವನ್ನು ಹೊತ್ತರು. ಇಂದಿಗೂ ಕರಾವಳಿಯ ಆ ಸಭೆಗಳು ನಿಂತಿವೆ. ಹಂಚಿನ ಕಾರ್ಖಾನೆಯ ಕಾಲ ಮುಗಿದುಹೋದರೂ ಸಭೆಯ ಕಾಲ ಮುಗಿಯಲಿಲ್ಲ.

ಸಭೆಯ ಬೆಳವಣಿಗೆಯನ್ನು ಕುರಿತು ಹೇಳುವಾಗ ಒಂದು ಕಹಿಯಾದ ಪ್ರಶ್ನೆಯನ್ನು ಮುಚ್ಚಿಡುವುದು ನ್ಯಾಯವಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಮೈಸೂರು ಸೀಮೆ ಬಹುಕಾಲ ಮರೆಯಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಸಂಸ್ಥಾನದ ಜನ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಮಿಷನ್ನುಗಳು ತೆಗೆದುಕೊಂಡು ಸಾಕಿದವು. ವೆಸ್ಲಿಯನ್ನರು ತುಮಕೂರಿನಲ್ಲಿಯೂ ಹಾಸನದಲ್ಲಿಯೂ ಅನಾಥಾಲಯ ತೆರೆದರು. ಕಥೋಲಿಕ ಪಾದ್ರಿಗಳು ನೆಲಮಂಗಲದ ಕಡೆ ಜಮೀನು ಮಾಡಿ ಅನಾಥರನ್ನು ಬೇಸಾಯಕ್ಕೆ ನಿಲ್ಲಿಸಿದರು. ಶಿಲುವೆಪುರದಂಥ ಊರುಗಳು ಹಾಗೆ ಹುಟ್ಟಿದವು. ಗಂಜಿ ಕೊಟ್ಟು ಮತಕ್ಕೆ ಸೇರಿಸಿಕೊಂಡರೆಂಬ ಆಕ್ಷೇಪ ಅಂದೂ ಇದ್ದಿತು, ಇಂದೂ ಇದೆ. ಆಕ್ಷೇಪಿಸುವವರನ್ನು ಬೈದರೆ ಅದಕ್ಕೆ ಉತ್ತರವಾಗದು. ಸಾಯುವ ಮಗುವಿಗೆ ಗಂಜಿ ಹೊಯ್ದ ಕೈಯನ್ನು ಯಾವ ಧರ್ಮದವರೂ ಹಳಿಯಲಾರರು. ಆದರೆ ಗಂಜಿ ಹೊಯ್ಯುವಾಗಲೇ ತಲೆಯೆಣಿಸುವ ಕಣ್ಣೊಂದು ಇದ್ದರೆ ಅದನ್ನು ಹಳಿಯುವ ಹಕ್ಕು ಎಲ್ಲರಿಗೂ ಉಂಟು.

ದೇವರನ್ನು ನೆಚ್ಚಿದ ಸಭೆಗೆ ತಲೆಯೆಣಿಸುವ ಅಗತ್ಯವಿಲ್ಲ ಎಂಬುದೇ ಇಲ್ಲಿರುವ ಮುಖ್ಯ ಮಾತು. ಬೆಳೆಸುವ ಹೊಣೆ ತನ್ನದೆಂದು ಭಾವಿಸಿದ ಸಭೆ ಆಸೆ ತೋರಿಸೀತು, ಹೆದರಿಸೀತು, ಪಕ್ಕದ ಸಭೆಯವರನ್ನು ಸೆಳೆದುಕೊಂಡೀತು, ರೋಗಿಗಳಿಗೆ ಇಲ್ಲದ ಭರವಸೆ ಕೊಟ್ಟೀತು. ಬೆಳೆಸುವವನು ಬೇರೊಬ್ಬನಿದ್ದಾನೆಂದು ಮನಗಂಡ ಸಭೆ ಗಂಜಿಯನ್ನು ಗಂಜಿಗಾಗಿಯೇ ಕೊಡಬಲ್ಲುದು, ಕೊಟ್ಟು ಮರೆಯಬಲ್ಲುದು. ಪ್ರಾಮಾಣಿಕತೆಗೆ ಬೇಕಾದ ಧೈರ್ಯ ಹುಟ್ಟುವುದು ನೆಚ್ಚಿನಿಂದಲೇ.

ಇನ್ನು ಒಳಜಗಳದ ಮಾತು. ಭಾಷೆ, ಹಾಡು, ನಾಯಕರನ್ನು ಕುರಿತು ಬೆಳೆಯುವ ಸಭೆಯಲ್ಲಿ ಪಕ್ಷಗಳು ಏಳುವುದು ಹೊಸದಲ್ಲ. ಕೊರಿಂಥದ ಸಭೆಯಲ್ಲಿ ಕೆಲವರು ಪೌಲನ ಕಡೆ, ಕೆಲವರು ಅಪೊಲ್ಲೋಸನ ಕಡೆ, ಕೆಲವರು ಪೇತ್ರನ ಕಡೆ ಎಂದು ಒಡೆದಿದ್ದರು. ತನ್ನ ಪಕ್ಷದವರನ್ನು ಹೊಗಳುವ ಬದಲು ಪೌಲನು, ನಾಟಿ ಮಾಡಿದವನೂ ನೀರು ಹೊಯ್ದವನೂ ಆಳುಗಳೇ ಹೊರತು ಬೆಳೆಯ ಒಡೆಯರಲ್ಲವೆಂಬ ಅರ್ಥದಲ್ಲಿ ಉತ್ತರ ಕೊಟ್ಟನು. ಕನ್ನಡನಾಡಿನಲ್ಲಿಯೂ ಲಂಡನ್ ಮಿಷನ್ನಿನವರು, ವೆಸ್ಲಿಯನ್ನರು, ಬಾಸೆಲ್ಲಿನವರು, ಆಂಗ್ಲಿಕನ್ನರು ಎಂದು ಬಹುಕಾಲ ಬೇರೆಬೇರೆ ಬೇಲಿಗಳಿದ್ದವು. ತಂದ ಭೇದಗಳೆಲ್ಲ ಯೂರೋಪಿನವು. ಅವುಗಳ ಮೂಲ ಇಲ್ಲಿಯ ಭಕ್ತರಿಗೆ ಗೊತ್ತಿರಲಿಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಕೆಲವರು, ಬಹುಮಟ್ಟಿಗೆ ಭಾರತೀಯ ಸಭಾಪಾಲಕರೇ, ಒಂದಾಗಬೇಕೆಂಬ ಮಾತನ್ನೆತ್ತಿದರು. ಮಾತು ಮುಗಿದು ದಕ್ಷಿಣ ಭಾರತ ಸಭೆ ಉದಯವಾದುದು 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ. ನಡುವೆ ಕಳೆದುದು ಇಪ್ಪತ್ತೆಂಟು ವರ್ಷ. ಪೇಟೆಯ ರೈಸ್ ದೇವಾಲಯದವರೂ ಹಡ್ಸನ್ ದೇವಾಲಯದವರೂ ಅಂದಿನಿಂದ ಒಂದೇ ಸಭೆಯವರಾದರು. ಇಪ್ಪತ್ತೆಂಟು ವರ್ಷ ಒಂದೇ ಮೇಜಿನ ಸುತ್ತ ತಾಳ್ಮೆಯಿಂದ ಕೂತವರನ್ನು ನೆನೆದರೆ, ಹಾಡು ಯಾವ ಭಾಷೆಯಲ್ಲಿರಬೇಕೆಂಬ ಜಗಳವನ್ನು ಇಪ್ಪತ್ತೆಂಟು ದಿನದಲ್ಲಿ ಮುಗಿಸುವುದು ಕಷ್ಟವಲ್ಲ.

ಬೆಂಗಳೂರಿನ ಸುತ್ತಣ ಬೇಸಾಯಗಾರರು ಈ ವಿಷಯವನ್ನು ಗ್ರಂಥಗಳ ನೆರವಿಲ್ಲದೆಯೇ ಬಲ್ಲರು. ರಾಗಿ ಬಿತ್ತಿ ಪೈರು ಗೇಣುದ್ದವಾಗುವ ಮೊದಲೇ ರೈತನು ಹೊಲದಲ್ಲಿ ಹಲುಬೆ ಹೊಡೆಯುತ್ತಾನೆ. ಪಟ್ಟಣದವರು ಅದನ್ನು ನೋಡಿದರೆ ಬೆಳೆಯೆಲ್ಲ ಹಾಳಾಯಿತೆಂದು ಕೂಗಿಕೊಂಡಾರು. ಹಲ್ಲುಗಳ ಕೆಳಗೆ ಎಳೆಯ ಪೈರು ಕಿತ್ತು, ಬಾಗಿ, ಮಣ್ಣು ಮುಚ್ಚಿ ಮಲಗಿರುತ್ತದೆ. ಕೆಲವು ದಿನ ಕಳೆದು ಒಂದು ಹದಮಳೆ ಬಿದ್ದರೆ ಅದೇ ಪೈರು ತೆಂಡೆಯೊಡೆದು ಒಂದಕ್ಕೆ ನಾಲ್ಕಾಗಿ ಏಳುತ್ತದೆ. ಹಲುಬೆ ಹೊಡೆಯುವುದು ರೈತನ ಕೆಲಸ. ಮಳೆ ಅವನದಲ್ಲ, ತೆಂಡೆಯೂ ಅವನದಲ್ಲ. ತನ್ನ ಕೆಲಸ ಮುಗಿಸಿ ರಾತ್ರಿ ಅವನು ಮಲಗುತ್ತಾನೆ. ಅವನು ಮಲಗಿದ್ದಾಗಲೂ ಬೀಜ ಬೆಳೆಯುತ್ತದೆಂಬ ಮಾತನ್ನು ಯೇಸುವೂ ಒಂದು ಸಾಮ್ಯದಲ್ಲಿ ಹೇಳಿದ್ದಾನೆ. ಮಂಗಳೂರಿಗೆ 1914ರಲ್ಲಿ ಬಂದುದು ಇಂಥ ಹಲುಬೆ. ಓಕಳಿಪುರದ ಮಹಡಿಯ ಮೇಲೆ ಬಾಡಿಗೆ ಏರಿದುದು, ಭಾಷೆಯ ಜಗಳ ಎದ್ದುದು, ಅಜ್ಜಿಗೆ ಹೆದರಿಕೆಯಾದುದು, ಇವೂ ಹಲುಬೆಯ ಹಲ್ಲುಗಳೇ ಇರಬಹುದು.

ರೈತನ ಕೆಲಸದಂತೆ ಸಭೆಗೂ ತನ್ನದೇ ಆದ ಕೆಲಸವುಂಟು. ಕಾಣಿಕೆಯ ಲೆಕ್ಕವನ್ನು ತಿಂಗಳು ತಿಂಗಳು ಎಲ್ಲರ ಮುಂದೆ ಓದಬೇಕು. ಮುಚ್ಚಿದ ಲೆಕ್ಕದ ಮೇಲೆ ತೆರೆದ ಭರವಸೆ ನಿಲ್ಲದು. ನಿವೇಶನ ಕೊಡುವವರಿಂದ ನಿವೇಶನವನ್ನು ಮಾತ್ರ ತೆಗೆದುಕೊಳ್ಳಬೇಕು, ಯಜಮಾನಿಕೆಯನ್ನಲ್ಲ. ಎರಡೂ ಸೇರಿಯೇ ಬರುವುದಾದರೆ ತಗಡಿನ ಮಾಡೇ ಲೇಸು. ಸಭಾಪಾಲಕರು ತಾವು ಊರಲ್ಲಿಲ್ಲದ ಭಾನುವಾರವೂ ಆರಾಧನೆ ನಡೆಯುವಂತೆ ನಾಲ್ಕು ಜನರನ್ನು ತಯಾರುಮಾಡಬೇಕು. ಥೆಸಲೊನೀಕದವರಿಗೆ ಒದಗಿದ್ದು ಯಾವ ಸಭೆಗಾದರೂ ಒದಗಬಹುದು. ಹೊಸಬರಿಗೆ ಹಳಬರು ಜಾಗ ಬಿಡಬೇಕು. ಹಳಬರ ದಣಿವನ್ನು ಹೊಸಬರು ಗೌರವಿಸಬೇಕು. ಕೆಳಗಿನ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗನಿದ್ದರೆ ಧ್ವನಿವರ್ಧಕವನ್ನು ಮುಚ್ಚಿಡಬೇಕು. ದೇವರಿಗೆ ಕಿವಿ ಮಂದವಿಲ್ಲ.

ನೆರೆಹೊರೆಯವರಿಗೂ ಒಂದು ಮಾತು ಸಲ್ಲುತ್ತದೆ. ಇಷ್ಟಬಂದ ಧರ್ಮವನ್ನು ನಂಬಿ ಆಚರಿಸುವ ಸ್ವಾತಂತ್ರ್ಯವನ್ನು ಸಂವಿಧಾನದ 25ನೆಯ ವಿಧಿ, ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳಿಗೆ ಒಳಪಟ್ಟು, ಎಲ್ಲರಿಗೂ ಕೊಟ್ಟಿದೆ. ಆದರೆ ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ಬಾಳುವವರು ವಿಧಿಯನ್ನು ತೋರಿಸಿಕೊಂಡೇ ಬಾಳಲಾಗದು. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಾಗ ಪೇಟೆಯ ಜನ ಮನೆಮಠ ಬಿಟ್ಟು ಬಯಲಿಗೆ ಓಡಿದರು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದುದು ಆ ಆಪತ್ತಿನಿಂದಲೇ. ಇಂದು ಅಚ್ಚುಕಟ್ಟಾದ ಆ ಬಡಾವಣೆಗಳಲ್ಲಿ ವಾಸಿಸುವವರ ಹಿರಿಯರಲ್ಲಿ ಎಷ್ಟೋ ಮಂದಿ ಒಂದು ಕಾಲಕ್ಕೆ ತಗಡಿನ ಮಾಡಿನ ಕೆಳಗೆ ಹೊಸಬರಾಗಿ ಕೂತವರೇ ಆಗಿದ್ದಾರು. ಹೊಸದಾಗಿ ಬೇರುಬಿಡುವವರ ಕಳವಳ ಅವರಿಗೆ ತಿಳಿಯದ ಸಂಗತಿಯಲ್ಲ.

ಊಹೆಯ ಸಭೆಗೆ ಮರಳಿದರೆ ಮುಂದಿನ ಭಾನುವಾರವನ್ನೂ ಊಹಿಸಿಕೊಳ್ಳಬಹುದು. ಬಾಡಿಗೆ ಇಳಿದಿಲ್ಲ, ನಿವೇಶನದ ಮಾತು ಮುಗಿದಿಲ್ಲ, ಹಾಡಿನ ವಿವಾದ ಅರ್ಧಕ್ಕೆ ನಿಂತಿದೆ. ಸಭಾಪಾಲಕರು ಉಪದೇಶಕ್ಕೆ ನಿಂತಿದ್ದಾರೆ. ತುಮಕೂರಿನ ಕಡೆಯ ಗಾಡಿ ಸದ್ದುಮಾಡುತ್ತ ಬಂದುದರಿಂದ ಮಾತು ನಿಲ್ಲಿಸಿದ್ದಾರೆ. ಗಾಡಿ ದಾಟುವ ತನಕ ಎಲ್ಲರೂ ಸುಮ್ಮನೆ ಕೂರಬೇಕು. ಆ ಬಿಡುವಿನಲ್ಲಿ ಅಜ್ಜಿ ತಮ್ಮ ಚಾಪೆಯನ್ನು ಸ್ವಲ್ಪ ಪಕ್ಕಕ್ಕೆಳೆದು, ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ನಿಂತಿದ್ದ ಹೊಸಬಳೊಬ್ಬಳಿಗೆ ಜಾಗಮಾಡಿದರು. ರೈಲಿನ ಸದ್ದಿನಲ್ಲಿ ಕೇಳಿಸುವಂತೆ ಅವಳ ಕಿವಿಯ ಬಳಿಗೆ ಬಾಗಿ, “ನಿನ್ನ ಹೆಸರೇನಮ್ಮ?” ಎಂದು ಕೇಳಿದರು.